ಇಲ್ಲದ ನಾಕಾದ ರಸೀದಿ

ನಿವೃತ್ತರ ಭವಿಷ್ಯನಿಧಿ ಬಟವಾಡೆ ಮಾಡುವ ಮಾನ್ಯ ಅಧಿಕಾರಿಗಳೇ,

ನಾನು ಮುಂಡರಗಿಯಲ್ಲಿ ಕುಳಿತೇ ಪರರಾಜ್ಯದಲ್ಲಿದ್ದೇನೆಂದು ತಾವು ತೀರ್ಮಾನಿಸಿ, ನನ್ನ ನಿಧಿಯಿಂದ ಮೂರು ತಿಂಗಳ ಹಿಂದೆ ನಾನು ತೆಗೆದ ಹಣದ ಮೂರರಲ್ಲಿ ಒಂದು ಪಾಲನ್ನು ‘ರಾಜ್ಯದ ಹೊರಗೆ ವಾಸಿಸುವವರ ತೆರಿಗೆ’ ಎಂದು ಹಿಡಿದಿಟ್ಟಿದ್ದೀರಿ. ಕೊಪ್ಪಳವೂ ಮುಂಡರಗಿಯೂ ಒಂದೇ ರಾಜ್ಯಕ್ಕೆ ಸೇರಿ ಏಳು ತಿಂಗಳಾದವು. ಆ ಸುದ್ದಿ ತಮ್ಮ ಕಚೇರಿಗೆ ಇನ್ನೂ ಚಕ್ಕಡಿಯಲ್ಲಿ ಬರುತ್ತಿದೆಯೇ?

ಕೊಪ್ಪಳ ಸೀಮೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕಲಿಸಿದೆ. ಆಗ ಅದು ಹೈದರಾಬಾದಿನ ಕಡೆ, ಮುಂಡರಗಿ ಮುಂಬಯಿಯ ಕಡೆ. ೧೯೫೩ರಲ್ಲಿ ನಿವೃತ್ತಳಾಗಿ ಇಲ್ಲಿ ತಂಗಿ ಪದ್ಮಾಬಾಯಿಯ ಮನೆಗೆ ಬಂದೆ. ನನ್ನ ಹಿಂದೆಯೇ ನನ್ನ ಹಲ್ಲುಗಳೂ ನಿವೃತ್ತಿ ಪಡೆದವು. ಈ ಹಣದ ಭರವಸೆಯ ಮೇಲೆ ಗದಗಿನ ದಂತವೈದ್ಯರು ಎರಡೂ ಸಾಲಿಗೆ ಅಳತೆ ತೆಗೆದುಕೊಂಡರು. ತಾವು ಮುರಿದುಕೊಂಡು ಕಳಿಸಿದ್ದಕ್ಕೆ ಮೇಲಿನ ಸಾಲು ಮಾತ್ರ ಬಂತು. ಒಂದೇ ಸಾಲಿನಿಂದ ಜೋಳದ ರೊಟ್ಟಿ ತಿನ್ನುವ ಕ್ರಮ ತಮ್ಮ ನಿಯಮಾವಳಿಯಲ್ಲಿದ್ದರೆ ಪುಟಸಂಖ್ಯೆ ತಿಳಿಸುವ ಕೃಪೆಯಾಗಲಿ.

ತಕರಾರು ಬರೆದೆ. ‘ರಾಜ್ಯದೊಳಗೆ ಮರಳಿ ಬಂದುದಕ್ಕೆ ಗಡಿನಾಕಾದ ರಸೀದಿ ಹಾಜರುಪಡಿಸಿ’ ಎಂದು ಉತ್ತರ ಬಂತು. ಬಸ್ಸು ಹತ್ತಿ ಆ ಹಳೆಯ ಗಡಿಗೆ ಹೋದೆ. ಅಡ್ಡಗಂಬವಿಲ್ಲ, ಪಹರೆಯಿಲ್ಲ. ನಾಕಾದ ಕೋಣೆಯಲ್ಲಿ ಹಳೆಯ ಸಿಪಾಯಿ ತಿರಕಪ್ಪ ಚಹಾದಂಗಡಿ ಇಟ್ಟಿದ್ದಾನೆ. ಹಿಂದೊಮ್ಮೆ ನನ್ನ ಚೀಲ ಬಿಚ್ಚಿಸಿ, ಕುಪ್ಪಸದ ಅರಿವೆಗೂ ಸುಂಕ ಇಸಿದುಕೊಂಡವನು ಇವನೇ.

“ಬರ್ರಿ ಅಕ್ಕೋರ, ಕುಂಡ್ರಿ. ಇವತ್ತ ಚೀಲಾ ಬಿಚ್ಚೂದ ಬ್ಯಾಡ್ರಿ” ಎಂದು ನಕ್ಕ.

“ತಿರಕಪ್ಪಾ, ನಾ ಒಳಗ ಬಂದೀನಿ ಅಂತ ಒಂದು ರಸೀದಿ ಬೇಕಾಗೇದ.”

“ಯಾತರ ಒಳಗರಿ? ಹೊರಗ ಅನ್ನೂದ ಉಳದಿಲ್ಲಲ್ರಿ!”

ಆದರೂ ಚಹಾಪುಡಿಯ ಕಾಗದ ಹರಿದು, ತಾನು ಹೇಳಿದ್ದನ್ನು ನನ್ನಿಂದಲೇ ಬರೆಸಿ ಹೆಬ್ಬೆಟ್ಟು ಒತ್ತಿದ: “ಅಕ್ಕೋರು ಎಲ್ಲಿಗೂ ಹೋಗಿಲ್ಲ. ನಾಕಾ ಹೋಗೇತಿ.” ಚಹಾದ ದುಡ್ಡು ಕೊಡಲು ಹೋದರೆ ಕೈ ಹಿಂದೆಳೆದುಕೊಂಡ. “ಆವತ್ತ ಅರಿವಿಗೆ ಇಸಗೊಂಡೀನಲ್ರಿ. ಅದಕ್ಕ ಇದು, ಆತು.” ಬರೆಸಿದ್ದನ್ನು ಮಡಚಿ, ಮರುದಿನವೇ ತಮಗೆ ಅಂಚೆಯಲ್ಲಿ ಕಳಿಸಿದೆ.

ಆ ಕಾಗದವನ್ನು ತಮ್ಮ ಗುಮಾಸ್ತರು ಮೊಹರು ಹಾಕಿ ತಿರಸ್ಕರಿಸಿದ್ದಾರೆ. ಕಾರಣ: ‘ಸದರಿ ನಾಕಾ ರದ್ದಾಗಿರುವುದರಿಂದ ಅಲ್ಲಿಯ ಸಿಪಾಯಿಗೆ ಅಧಿಕಾರವಿಲ್ಲ.’ ಮಾನ್ಯರೇ, ಗಡಿ ಇಲ್ಲವೆಂದು ತಾವೇ ಬರೆದುಕೊಟ್ಟಂತಾಯಿತಲ್ಲ! ನನಗೆ ಬೇಕಿದ್ದ ಪುರಾವೆ ಇನ್ನಾವುದು? ಅದರ ನಕಲು ಲಗತ್ತಿಸಿದ್ದೇನೆ. ಹಿಡಿದ ಹಣವನ್ನು ಹದಿನೈದು ದಿನದೊಳಗೆ ಮನಿಯಾರ್ಡರ್ ಮಾಡಿ. ಇಲ್ಲವಾದರೆ ಖುದ್ದು ನಾನೇ ಬರುತ್ತೇನೆ. ದಾರಿಯಲ್ಲಿ ತಡೆಯುವವರು ಈಗ ಯಾರೂ ಇಲ್ಲ.

ಇಂತಿ,
ತಮ್ಮ ಕಡತದಲ್ಲಿ ಮಾತ್ರ ಪರದೇಶಿಯಾದ
ಯಮುನಾಬಾಯಿ, ನಿವೃತ್ತ ಶಿಕ್ಷಕಿ
ಮುಂಡರಗಿ, ಜೂನ್ ೧೯೫೭