ನೀಕ್ಯಾಪ್ ಇಲ್ಲದ ಕಾಲು

ನವೆಂಬರ್ 4, ಮಂಗಳವಾರ

ಇದನ್ನು ಬರೆಯದೇ ಬಿಡೋಣ ಅಂದುಕೊಂಡಿದ್ದೆ. ಕೀರ್ತನ ಅನ್ನುವ ಹುಡುಗಿ ಕಬಡ್ಡಿ ಆಡುವುದನ್ನು ನೋಡುವ ಮೊದಲೇ ಅವಳು ನನಗೆ ಇಷ್ಟವಾಗಿರಲಿಲ್ಲ. ಬರೀ ರೀಲ್ಸ್ ನೋಡಿ. ಕೂದಲಿಗೆ ತಾಮ್ರದ ಬಣ್ಣ. ಪಾಯಿಂಟ್ ಬಂದ ಕೂಡಲೇ ಎದುರಾಳಿಗಳ ಕಡೆ ತಿರುಗಿ ಉಗುರಿಗೆ ಉಫ್ ಅಂತ ಊದುವುದು... ಅವಳ ಬಗ್ಗೆ ಏನೇ ಅನುಮಾನ ಬಂದರೂ ಅದು ಎಲ್ಲಿಂದ ಶುರುವಾಯಿತು ಅಂತ ನನಗೆ ಗೊತ್ತಿರಲಿ.

ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಎರಡು ಬೆನ್ನು, ಒಂದು ಹೆಗಲು. ಹೆಗಲಿನ ಅಜ್ಜಿ ವ್ಯಾಯಾಮ ಮಾಡಿಯೇ ಇಲ್ಲ, ಮಾಡಿದೆ ಅಂದರು. ಸಂಜೆ ಹನುಮಂತರಾಯಪ್ಪನವರ ತರಕಾರಿ ಮಂಡಿಯ ಮಹಡಿಯಲ್ಲಿ ಮೀಟಿಂಗ್. ಹೊಸಕೋಟೆ ಹೆಣ್ಣುಮಕ್ಕಳ ಕಬಡ್ಡಿ ತಂಡಕ್ಕೆ ಅವರೇ ಯಜಮಾನರು, ಚಲಪತಿ ಕೋಚ್, ನಾನು ಫಿಸಿಯೋ. ಹೋದ ವರ್ಷ ಜಿಲ್ಲಾ ಲೀಗ್‌ನಲ್ಲಿ ನಮಗೆ ಕೊನೆಯ ಸ್ಥಾನ. ಕೊನೆಗೆ ಬಂದವರಿಗೆ ಮೊದಲ ಆಯ್ಕೆ — ಕಾಲೇಜು ಹುಡುಗಿಯರಲ್ಲಿ ಯಾರನ್ನು ಬೇಕಾದರೂ ನಾವೇ ಮೊದಲು ಕರೆಯಬಹುದು. ಕರೆದವಳು ಎರಡು ಸೀಸನ್ ನಮ್ಮವಳು. ಆಯ್ಕೆ 16ನೇ ತಾರೀಕು, ಭಾನುವಾರ.

ಚಲಪತಿಗೆ ಯೋಚನೆಯೇ ಬೇಕಾಗಿಲ್ಲ. "ಕೀರ್ತನ. ದೊಡ್ಡಬಳ್ಳಾಪುರದ ಹುಡ್ಗಿ. ಬೇರೆ ಹೆಸ್ರೇ ಬ್ಯಾಡ ಅಣ್ಣ."

"ಹಾರ್ತಾಳೆ ಸರಿ ಕಣಪ್ಪ. ಬಿದ್ರೆ?" ಅಂದರು ಯಜಮಾನರು.

"ಬೀಳ್ದೆ ಇರೋರು ಬೇಕಾದ್ರೆ ನಿಮ್ ಕುಂಬಳಕಾಯಿ ಮೂಟೇನೇ ನಿಲ್ಸೋಣ ಬಿಡಿ."

ಹನುಮಂತರಾಯಪ್ಪ ನಕ್ಕು ನನ್ನ ಕಡೆ ತಿರುಗಿದರು. "ಮೇಡಂ, ಕುಂಟು ಕುದುರೆ ನಮ್ಗೆ ಬೇಡ. ನೀವು ನೋಡಿ ಫಿಟ್ ಅಂದ್ಬಿಟ್ರೆ ನಂಗೆ ಫಿಟ್ಟೇ."

ಚಲಪತಿಗೆ ಇಷ್ಟು ಅವಸರ ಯಾಕೆ?

ನವೆಂಬರ್ 7, ಶುಕ್ರವಾರ

ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ಕಾಲೇಜು ಮೈದಾನ, ಕೆಂಪು ಮಣ್ಣು. ಎದುರು ತಂಡದ ಮೂವರು ಕೈ ಕೈ ಹಿಡಿದು ಅಡ್ಡ ನಿಂತರು. ಕೀರ್ತನ ಅವರ ತಲೆಯ ಮೇಲಿಂದಲೇ ಹಾರಿ ಬಂದು ಗೆರೆ ಮುಟ್ಟಿದಳು. ನನ್ನ ಬಾಯಿಂದಲೂ "ಅಬ್ಬಾ" ಬಂತು. ಒಪ್ಪಿಕೊಳ್ಳಬೇಕು.

ಮುಂದಿನ ರೇಡ್. ಸುಮ್ಮನೆ ಸಮಯ ಕಳೆದು ವಾಪಸ್ ಬಂದಿದ್ದರೆ ಆಟ ಗೆದ್ದಾಗಿರುತ್ತಿತ್ತು. ಐವರ ನಡುವೆ ನುಗ್ಗಿ ಸಿಕ್ಕಿಬಿದ್ದಳು. ಎದ್ದು ಮಣ್ಣು ಒದರಿಕೊಂಡು, ಹಿಡಿದವಳ ಬೆನ್ನು ತಟ್ಟಿ ಬಂದಳು. ಕಾಲೇಜು ಸೋತಿತು. ಇವಳಿಗೇ ಜೋರು ಚಪ್ಪಾಳೆ.

ಆಮೇಲೆ ಸ್ಟಾಫ್ ರೂಮಿನಲ್ಲಿ ಅವಳ ಕಾಲಿನ ಪರೀಕ್ಷೆ. ಬಲ ಮೊಣಕಾಲಿಗೆ ಬಿಗಿಪಟ್ಟಿ, ನೀಕ್ಯಾಪ್, ಹಾಕಿಕೊಂಡಿದ್ದಳು. ಯಾವ ಕಾಲು ನೋವು ಅಂತ ಕೇಳಿದರೆ ಅದನ್ನೇ ತಟ್ಟಿದಳು. "ಇದೇ ಮೇಡಂ. ಅವಾಗವಾಗ."

ಬಲಗಾಲು ನೋಡಿದೆ. ಗಟ್ಟಿ. ಎಡಗಾಲು ಹಿಡಿದಾಗ ತೊಡೆ ಬಿಗಿ ಮಾಡಿಕೊಂಡಳು.

"ಸಡಿಲ ಬಿಡು."

"ಬಿಟ್ಟಿದೀನಲ್ಲ ಮೇಡಂ! ನಿಮ್ ಕೈ ಐಸ್‌ಕ್ಯಾಂಡಿ ಥರ ಇದೆ. ಕಚಗುಳಿ ಬೇರೆ..."

ನಗುತ್ತಲೇ ಇದ್ದಳು. ನಾನೂ ನಕ್ಕು ಕೈ ಬಿಟ್ಟೆ.

ರಿಪೋರ್ಟ್ ಇಂಗ್ಲಿಷ್‌ನಲ್ಲಿ ಬರೆದೆ. ಚೊಕ್ಕವಾಗಿದೆ. ಇನ್ನೂ ಕಳಿಸಿಲ್ಲ. ನೋವಿದೆ ಅಂದ ಕಾಲು ಅಷ್ಟು ಚೆನ್ನಾಗಿರುತ್ತದೆಯೇ?

ನವೆಂಬರ್ 9, ಭಾನುವಾರ, ಮಧ್ಯಾಹ್ನ

ಊಟ ಮಾಡಿ ಅವಳ ಹಳೆಯ ವಿಡಿಯೋಗಳನ್ನೆಲ್ಲ ನೋಡುತ್ತಾ ಕೂತೆ. ಜುಲೈ ತನಕ ನೀಕ್ಯಾಪ್ ಎಡಗಾಲಿಗೆ. ಆಗಸ್ಟ್‌ನಿಂದ ಬಲಗಾಲಿಗೆ.

ಮೊಬೈಲ್‌ನ ಮುಂದಿನ ಕ್ಯಾಮೆರಾದಲ್ಲಿ ಎಡ ಬಲ ಅದಲುಬದಲಾಗುತ್ತದಲ್ಲ, ಅದಿರಬಹುದು ಅಂದುಕೊಂಡೆ. ಬೆನ್ನ ಮೇಲಿನ ನಂಬರ್ ನೋಡಿದೆ. ಎಲ್ಲದರಲ್ಲೂ ಏಳು ಏಳಾಗಿಯೇ ಇದೆ.

ಜುಲೈ ಕೊನೆಯ ಒಂದು ವಿಡಿಯೋದಲ್ಲಿ ಬೀಳುತ್ತಾಳೆ. ಕೆಳಗೆ ಯಾರೋ ನಗುವ ಗೊಂಬೆಗಳನ್ನು ಹಾಕಿದ್ದಾರೆ. ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಎಡ ಮೊಣಕಾಲು ಒಳಕ್ಕೆ ತಿರುಚಿಕೊಂಡಿದೆ.

ಸುಳ್ಳು ಹೇಳಿದಳು. ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಒಂದು ಥರ ಸಮಾಧಾನ — ನನ್ನ ಅನುಮಾನ ನಿಜವಾಯಿತಲ್ಲ ಅಂತ. ಎರಡನೆಯದು ಒಳ್ಳೆಯ ಲಕ್ಷಣವಲ್ಲ.

ನವೆಂಬರ್ 11, ಮಂಗಳವಾರ

ಕ್ಲಿನಿಕ್‌ಗೆ ಕರೆಸಿದೆ. ಎರಡು ಬಸ್ ಬದಲಿಸಿ ಬಂದಳು. ವಿಡಿಯೋ ತೋರಿಸಿದೆ. ನಗಲಿಲ್ಲ.

"ಸರಿ ಇರೋ ಕಾಲಿಗೆ ಯಾಕೆ ಹಾಕ್ಕೊಂಡಿದೀಯ?"

"ನೋಯೋ ಕಾಲಿಗೆ ಹಾಕ್ಕೊಂಡ್ರೆ ಅದನ್ನೇ ಹಿಡೀತಾರೆ ಮೇಡಂ. ನೀಕ್ಯಾಪ್ ನೋಡ್ಕೊಂಡೇ ಕಾಲಿಗೆ ಬೀಳೋದು ಎಲ್ಲಾರೂ. ಸುಮಾರು ಜನ ಹಿಂಗೇ ಮಾಡ್ತಾರೆ. ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡೆ."

ಗೊತ್ತಿರಲಿಲ್ಲ. ಮೂರು ವರ್ಷದಿಂದ ಈ ತಂಡದ ಕಾಲು ತಿಕ್ಕುತ್ತಿದ್ದೇನೆ.

"ಸರಿ, ಆಟದಲ್ಲಿ ಮಾಡು. ನನ್ನ ಹತ್ರಾನೂ ಯಾಕೆ?"

"ನೀವು ಹೊಸಕೋಟೆಯವ್ರಲ್ವಾ ಮೇಡಂ. ಭಾನುವಾರ ನೀವು ನನ್ನ ಆರಿಸ್ದೇ ಇದ್ರೆ? ನಾಳೆ ನಿಮ್ ಟೀಮೇ ಎದ್ರುಗೆ ನಿಂತ್ಕೊಳೋದು."

ನೀರು ಕುಡಿಸಿದೆ.

ಈ ಸಲ ಯಾವ ತಂಡವೂ ಕರೆಯದಿದ್ದರೆ ಆಟ ಮುಗಿದಂತೆ ಅಂದಳು. ಡಿಗ್ರಿ ಮುಗಿಯುತ್ತದೆ, ಆಮೇಲೆ ಮೈದಾನವಿಲ್ಲ, ಕೋಚ್ ಇಲ್ಲ. ಈ ಸಲ ಎಡ ಮೊಣಕಾಲನ್ನು ಸಡಿಲ ಬಿಟ್ಟಳು. ಮೊಣಕಾಲ ಕೆಳಗೆ ಹಿಡಿದು ಎಳೆದಾಗ ಅದು ಎಷ್ಟು ಮುಂದೆ ಬರಬಾರದೋ ಅಷ್ಟು ಬಂತು.

ಅವಳನ್ನು ಸೀದಾ ಎಂಆರ್‌ಐಗೆ ಕಳಿಸಿದೆ.

ನವೆಂಬರ್ 12, ಬುಧವಾರ

ಸ್ಕ್ಯಾನ್ ಬಂತು. ಎಡ ಮೊಣಕಾಲನ್ನು ಹಿಡಿದಿಡುವ ನಾರು, ಲಿಗಮೆಂಟ್, ಅರ್ಧ ಹರಿದಿದೆ. ಪೂರ್ತಿ ಅಲ್ಲ. ವಿಶ್ರಾಂತಿ, ಸರಿಯಾದ ವ್ಯಾಯಾಮ ಸಿಕ್ಕರೆ ಮುಂದಿನ ಸೀಸನ್‌ಗೆ ಆಡಬಹುದು. ಈ ಸೀಸನ್‌ನಲ್ಲೇ ಆಡಿ ಇನ್ನೊಂದು ಸಲ ತಿರುಚಿಕೊಂಡರೆ — ಹಾರುವುದು ಹೋಗಲಿ, ಮೆಟ್ಟಿಲು ಇಳಿಯುವಾಗಲೂ ಜ್ಞಾಪಿಸುತ್ತದೆ.

ಸಂಜೆ ಚಲಪತಿ ಹುಡುಗಿಯರಿಗೆ ಓಟ ಮಾಡಿಸುತ್ತಿದ್ದರು. ಪಕ್ಕಕ್ಕೆ ಕರೆದೆ. ನಾನು ಸ್ಕ್ಯಾನ್ ಮಾತು ಎತ್ತಲಿಲ್ಲ. "ಕೀರ್ತನಳ ಕಾಲಿನ ಬಗ್ಗೆ ನಿಮಗೇನಾದ್ರೂ ಗೊತ್ತಾ?" ಅಷ್ಟೇ.

"ಎಡಗಾಲು ತಾನೆ?"

ನಾನು ಓಡುತ್ತಿದ್ದ ಹುಡುಗಿಯರ ಕಡೆ ನೋಡಿದೆ.

"ಆ ಕಾಲು ಊರಿ ತಿರುಗೋದೇ ಇಲ್ಲ ಅವ್ಳು. ನಂಗೇನ್ ಕಣ್ಣಿಲ್ವಾ ಮೇಡಂ? ಒಂದ್ ಸೀಸನ್ ತಡೀತದೆ. ಅಷ್ಟು ಸಾಕು ನಮ್ಗೆ."

"ನಾವು ತಗೊಳ್ಳದೇ ಇದ್ರೆ?"

"ನೆಲಮಂಗಲದ ಟೀಮೋರು ಎತ್ಕೊಂಡು ಹೋಗ್ತಾರೆ. ಹೋಗ್ಲಿ ಬಿಡಿ. ಎಲ್ಲಿ ಹಿಡೀಬೇಕು ಅಂತ ನಮ್ ಹುಡ್ಗೀರ್ಗೆ ಹೇಳ್ಕೊಡ್ತೀನಿ." ಸೀಟಿ ಊದಿ, "ಏಯ್ ಸಿಂಧು, ಕಾಲೆತ್ತಿ ಓಡೇ, ಮದ್ವೆ ಮೆರವಣಿಗೇಲಿ ಬರೋ ಥರ ಬರ್ತೀಯಲ್ಲ!" ಅಂತ ಕೂಗಿದರು.

ಕೆಟ್ಟ ಮನುಷ್ಯನಲ್ಲ. ಹುಡುಗಿಯರಿಗೆ ಜ್ವರ ಬಂದರೆ ಮನೆತನಕ ಬಿಟ್ಟು ಬರುತ್ತಾರೆ. ಅದಕ್ಕೇ ಹೆಚ್ಚು ಭಯವಾಯಿತು.

ನವೆಂಬರ್ 14, ಶುಕ್ರವಾರ

ಹನುಮಂತರಾಯಪ್ಪ ಫೋನ್ ಮಾಡಿದ್ದರು. "ಏನ್ ಮೇಡಂ, ಕುದುರೆ ಹೆಂಗೆ?" ಪೇಷಂಟ್ ಇದ್ದಾರೆ ಅಂದೆ. ಇರಲಿಲ್ಲ.

ಅವರಿಗೆ ಈಗಲೇ ನಿಜ ಹೇಳಿದರೆ ಅವಳ ಹೆಸರು ಕೈಬಿಡುತ್ತಾರೆ. ಅವಳು ನೆಲಮಂಗಲಕ್ಕೆ ಹೋಗುತ್ತಾಳೆ, ಮೊದಲ ದಿನವೇ ಆಡುತ್ತಾಳೆ, ನಮ್ಮ ಹುಡುಗಿಯರು ಆ ಕಾಲಿಗೆ ಬೀಳುತ್ತಾರೆ. ಹೇಳದಿದ್ದರೆ ನನ್ನನ್ನು ನಂಬಿದ ಮನುಷ್ಯ ಮೊದಲ ಆಯ್ಕೆಯನ್ನು ಆಡಲಾಗದ ಹುಡುಗಿಗೆ ಕೊಡುತ್ತಾನೆ. ಆದರೆ ನಮ್ಮವಳಾದಳೆಂದರೆ ನನ್ನ ಸಹಿ ಇಲ್ಲದೆ ಮ್ಯಾಟ್ ಮೇಲೆ ಇಳಿಯುವಂತಿಲ್ಲ. ಚಲಪತಿ ಏನೇ ಕೂಗಾಡಲಿ.

ಅವಳಿಗೆ ಫೋನಿನಲ್ಲಿ ಹೇಳಿದೆ. ಆರಿಸುತ್ತೇವೆ, ಈ ಸೀಸನ್ ಆಟವಿಲ್ಲ, ದಿನಾ ವ್ಯಾಯಾಮ.

"ಪೂರ್ತಿ ಸೀಸನ್ ಬೆಂಚಾ? ರೀಲ್ಸ್‌ಗೆ ಏನ್ ಹಾಕ್ಲಿ ಮೇಡಂ, ನೀರಿನ ಬಾಟ್ಲಾ?" ಆಮೇಲೆ ದನಿ ತಗ್ಗಿಸಿ, "ಆರಿಸ್ಬಿಟ್ಟು ಆಮೇಲೆ ಕೈಬಿಡಲ್ಲ ತಾನೆ?"

ನನ್ನ ಮೇಲೆ ಅವಳಿಗೂ ಅನುಮಾನ. ಇರಲಿ.

ಒಂದು ಪ್ರಶ್ನೆ ಮಾತ್ರ ಬಿಡುತ್ತಿಲ್ಲ. ಸಿಂಧುಗೆ ಇದೇ ಆಗಿದ್ದರೆ ಇಷ್ಟೆಲ್ಲ ಮಾಡುತ್ತಿದ್ದೆನೇ? ಆ ಜಿಗಿತ ನೋಡಿ ನಾನೂ ಮರುಳಾಗಿದ್ದೇನೆಯೇ? ಇರಬಹುದು. ಸಿಂಧುಗೂ ಮಾಡಬೇಕಾದದ್ದೇ ಇದು.

ಭಾನುವಾರ ಹನುಮಂತರಾಯಪ್ಪ ಕೇಳಿದರೆ "ಆರಿಸಿ" ಅನ್ನುತ್ತೇನೆ. ಫಿಟ್ ಅನ್ನುವುದಿಲ್ಲ. ಈ ವ್ಯತ್ಯಾಸ ನನಗೆ ದೊಡ್ಡದು. ಅವರಿಗೆ ಅಲ್ಲ, ಗೊತ್ತು.

ತಂಡದ ಗ್ರೂಪ್‌ಗೆ ಹಾಕುವುದನ್ನು ಇಲ್ಲಿ ಬರೆದಿಡುತ್ತೇನೆ, ಆಮೇಲೆ ಮೆತ್ತಗೆ ಮಾಡಬಾರದು: "ಕೀರ್ತನಳ ಮೊಣಕಾಲಿಗೆ ಪೆಟ್ಟಾಗಿದೆ. ಈ ಸೀಸನ್ ಆಡುವಂತಿಲ್ಲ, ನಾನು ಸಹಿ ಹಾಕುವುದಿಲ್ಲ. ಆಯ್ಕೆಗೆ ಮೊದಲೇ ನನಗೆ ಗೊತ್ತಿತ್ತು. ಹನುಮಂತರಾಯಪ್ಪನವರಿಗೆ ಹೇಳಲಿಲ್ಲ. ಬೇರೆ ಫಿಸಿಯೋ ಬೇಕೆಂದರೆ ಹುಡುಕಿಕೊಳ್ಳಬಹುದು."

ಯಾವ ಕಾಲು ಅಂತ ಬರೆದಿಲ್ಲ.

ಕೆಳಗೆ ಶನಿವಾರ ಅಂತ ಬರೆದಿದ್ದೆ. ಹೊಡೆದು ಹಾಕಿದೆ. ಪೋಸ್ಟ್ ಮಾಡುವುದು ಆಯ್ಕೆ ಮುಗಿದ ಮಾರನೆಯ ದಿನ — ಸೋಮವಾರ, ನವೆಂಬರ್ 17.