ಆ ಭಾನುವಾರ ಚಿಕ್ಕಪ್ಪನ ಮನೆಗೆ ಬೀಗ

ಅಪ್ಪನವರಿಗೆ ಶಾಂತಾ ಮಾಡುವ ನಮಸ್ಕಾರಗಳು.

ಕ್ಷೇಮವೇ ಎಂದು ಕೇಳುವ ವಾಡಿಕೆಯನ್ನು ಬಿಟ್ಟಿದ್ದೇನೆ. ನಿಮ್ಮನ್ನು ಮಣ್ಣು ಮಾಡಿ ಒಂದು ಮಳೆಗಾಲವೇ ಕಳೆಯಿತು. ಆದರೂ ನಿನ್ನೆ ಕೇಳಿದ ಸುದ್ದಿಯನ್ನು ನಿಮಗೆ ಹೇಳದೆ ಇರಲಾರೆ.

ಶನಿವಾರ ಸಂಜೆಗಳು ನೆನಪಾಗುತ್ತವೆ. ಫ್ಯಾಕ್ಟರಿಯಿಂದ ಬಂದು, ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆ ಹಚ್ಚಿ ತೊಳೆದು, ನಮ್ಮ ರಾಜಾಜಿನಗರದ ಮನೆಯ ನಡುಮನೆಯಲ್ಲೇ ನೀವು ಚರ್ಚಿನ ಮಕ್ಕಳಿಗೆ ದೃಢೀಕರಣದ ತರಗತಿ ನಡೆಸುತ್ತಿದ್ದಿರಿ. ಅದು ಮುಗಿದು ದೃಢೀಕರಣವಾದ ಮೇಲೆಯೇ ನಮಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ. ನೀವು ಅಧ್ಯಾಯ ಹೇಳಿದರೆ ನಾವು ವಚನ ಒಪ್ಪಿಸಬೇಕು. ಯಾರು ಹೇಳಿದ್ದು, ಯಾರಿಗೆ, ಎಲ್ಲಿ? ಎಲ್ಲವೂ ಬಾಯಿಪಾಠ, ಒಂದಕ್ಷರ ತಪ್ಪಿದರೆ ಮೊದಲಿನಿಂದ. ಒಂದು ಶನಿವಾರ ಯೇಸುವಿನ ಬೆಟ್ಟದ ಮೇಲಿನ ಪ್ರಸಂಗ. ಕಾಣಿಕೆ ಕೊಡಲು ಬಂದವನಿಗೆ, ತನ್ನ ಸಹೋದರನಿಗೆ ತನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗಬೇಕು ಎನ್ನುವ ಮಾತು. ಎಲ್ಲರೂ ಸರಾಗವಾಗಿ ಒಪ್ಪಿಸಿದೆವು. ನಾನು ಕೇಳಿದೆ, "ಆ ಮನುಷ್ಯ ಹೋದನಾ ಅಪ್ಪಾ?"

"ಅದು ಬರೆದಿಲ್ಲ," ಎಂದು ಪುಸ್ತಕ ಮುಚ್ಚಿದಿರಿ.

ನಿಮ್ಮ ತಮ್ಮನ ವಿಷಯ ತರಗತಿಯ ಮಕ್ಕಳಿಗೂ ಗೊತ್ತಿತ್ತಲ್ಲ. ದಾವಣಗೆರೆ ಕಡೆಯ ಲಿಂಗಾಯತರ ಹುಡುಗಿ, ಟೀಚರ್ ಗಿರಿಜಾರನ್ನು ಚಿಕ್ಕಪ್ಪ ರಿಜಿಸ್ಟರ್ ಮದುವೆಯಾದಾಗ ನೀವು ಸಾಕ್ಷಿಯಾಗಿ ಸಹಿ ಹಾಕುವುದಕ್ಕೂ ಹೋಗಲಿಲ್ಲ, ಇನ್ನು ನಮ್ಮ ಮನೆಗೆ ಬರಬೇಡ ಎಂದು ಹೇಳಿ ಕಳುಹಿಸಿದಿರಿ. ಆಮೇಲೆ ಚಿಕ್ಕಪ್ಪನ ಹೆಸರೆತ್ತಿದರೆ ಅಮ್ಮ ಕೂಡ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು.

ದೃಢೀಕರಣದ ಹಿಂದಿನ ದಿನ ಹಿರಿಯರಲ್ಲಿ ಕ್ಷಮೆ ಕೇಳಿ ಬರಬೇಕು ಎಂದು ನೀವೇ ನಮಗೆ ಹೇಳಿದ್ದಿರಿ. ಅಜ್ಜಿಯ ಹತ್ತಿರ ಹೋದೆ, ಅತ್ತೆಯ ಹತ್ತಿರ ಹೋದೆ. ಅಲ್ಲಿಂದ ನಿಮಗೆ ಹೇಳದೆ ಗೋವಿಂದರಾಜನಗರದ ಬಸ್ಸು ಹತ್ತಿದೆ. ಚಿಕ್ಕಪ್ಪ ಬಾಗಿಲಲ್ಲೇ ನಿಂತು ಕೇಳಿದರು, "ನೀನೇನ್ ತಪ್ಪು ಮಾಡಿದೀಯ ಅಂತ ಕ್ಷಮೆ ಕೇಳ್ತೀಯೇ? ಅಣ್ಣ ಕಳ್ಸಿದ್ರಾ?"

"ಇಲ್ಲ, ನಾನೇ ಬಂದೆ."

ಅವರ ಮುಖ ಇಳಿದುಹೋಯಿತು. ಹಣೆಗೆ ವಿಭೂತಿ ಇಟ್ಟುಕೊಂಡಿದ್ದ ಗಿರಿಜಾ ಚಿಕ್ಕಮ್ಮ ಉಪ್ಪಿಟ್ಟು ತಂದುಕೊಟ್ಟು, ನಾಳೆ ಎಷ್ಟು ಹೊತ್ತಿಗೆ ಆರಾಧನೆ ಎಂದು ಕೇಳಿದರು. ಉಪಚಾರಕ್ಕೆ ಕೇಳುತ್ತಿದ್ದಾರೆ ಅಂದುಕೊಂಡು ಹೇಳಿದೆ.

ಮನೆಗೆ ಬಂದು ನಿಮ್ಮಿಂದ ಮುಚ್ಚಿಡಲಿಲ್ಲ. ನೀವು ತುತ್ತನ್ನು ತಟ್ಟೆಗೇ ಬಿಟ್ಟಿರಿ.

"ಯಾರನ್ನ ಕೇಳಿ ಹೋದೆ?"

"ನೀವು ಕಲಿಸಿದ್ದೇ ಅಲ್ವಾ ಅಪ್ಪಾ."

"ನನಗೇ ಪಾಠ ಹೇಳ್ಕೊಡ್ಬೇಡ," ಎಂದು ಎದ್ದು ಕೈ ತೊಳೆದುಕೊಂಡಿರಿ.

ಭಾನುವಾರ ಬಿಳಿ ಸೀರೆ ಉಟ್ಟು ನಾನು ಮುಂದಿನ ಸಾಲಿನಲ್ಲಿದ್ದೆ. ಪ್ರಭುಭೋಜನಕ್ಕೆ ಒಂದೊಂದೇ ಬೆಂಚು ಎದ್ದು ಬಂತು. ನಿಮ್ಮ ಬೆಂಚೂ ಎದ್ದಿತು, ನೀವು ಮಾತ್ರ ಏಳಲಿಲ್ಲ. ಅಮ್ಮ ನಿಮ್ಮ ತೋಳು ಮುಟ್ಟಿದಳು. ನೀವು ಬೇಡವೆಂದು ತಲೆಯಾಡಿಸಿಬಿಟ್ಟಿರಿ. ಇಡೀ ಸಭೆಗೆ ಸತ್ಯವೇದ ಕಲಿಸಿದವರು ಮಗಳ ದೃಢೀಕರಣದ ದಿನ ತಲೆ ತಗ್ಗಿಸಿ ಕೂತಿದ್ದೀರಿ, ಎಲ್ಲರೂ ನೋಡುತ್ತಿದ್ದಾರೆ. ರೊಟ್ಟಿ ನನ್ನ ಬಾಯಲ್ಲಿ ಕರಗಲೇ ಇಲ್ಲ. ನನ್ನ ಮೇಲಿನ ಹಟಕ್ಕೆ ಹೀಗೆ ಮಾಡಿದಿರಿ ಎಂದು ಎಷ್ಟು ಸಿಟ್ಟು ಬಂತು ಗೊತ್ತಾ? ತಿರುಗಿ ಬರುವಷ್ಟರಲ್ಲಿ ನಿಮ್ಮ ಜಾಗ ಖಾಲಿ. ಪಕ್ಕದ ಬಾಗಿಲಿಂದ ಎದ್ದು ಹೋಗಿದ್ದಿರಿ.

ಮಧ್ಯಾಹ್ನ ಬಂದಿರಿ. ಪಂಚೆಯ ಅಂಚೆಲ್ಲ ಗೋವಿಂದರಾಜನಗರಕ್ಕೆ ಹೋಗುವ ಮಾಗಡಿ ರೋಡಿನ ಧೂಳು.

"ಬೀಗ ಹಾಕಿತ್ತು ಕಣಮ್ಮ," ಅಂದಿರಿ.

ಎಲ್ಲಿ ಎಂದು ಕೇಳಬೇಕಾಗಲಿಲ್ಲ. ವರ್ಷಗಟ್ಟಲೆ ಬಾಯಲ್ಲಿದ್ದ ಆ ಕಾಣಿಕೆಯ ಮಾತು ನಿಮ್ಮ ಎದೆಗೆ ಇಳಿದದ್ದು ಆಗ ನನಗೆ ಅರ್ಥವಾಯಿತು. ನಾಳೆ ಮತ್ತೆ ಹೋಗೋಣ ಎಂದೆ. ನಿಮ್ಮ ದನಿ ಗಡುಸಾಯಿತು. "ನೀನು ಹೋಗಿ ಬಂದಿದ್ದೇ ಅವನಿಗೆ ಸುಳಿವು. ನಾನು ಬರಬಹುದು ಅಂತಾನೇ ಬೀಗ ಹಾಕ್ಕೊಂಡು ಹೋಗಿದಾನೆ. ಇನ್ನು ಆ ಬೀದಿಗೆ ಕಾಲಿಡಬೇಡ." ಆಮೇಲೂ ನೀವು ಪ್ರಭುಭೋಜನಕ್ಕೆ ಏಳಲಿಲ್ಲ. ಇವತ್ತು ತಮ್ಮನ ಹತ್ತಿರ ಹೋಗುತ್ತಾರೆ, ಮುಂದಿನ ವಾರ ಹೋಗುತ್ತಾರೆ ಎಂದು ನಾನು ಕಾಯುತ್ತಲೇ ಇದ್ದೆ. ಅಷ್ಟರಲ್ಲಿ ಫ್ಯಾಕ್ಟರಿಯಲ್ಲಿ ನಿಮಗೆ ಎದೆನೋವು, ನಾವು ಆಸ್ಪತ್ರೆಗೆ ಬರುವ ಹೊತ್ತಿಗೆ…

ಮಣ್ಣಿಗೆ ಚಿಕ್ಕಪ್ಪ ಬಂದಿದ್ದರು. ಒಂದು ಹಿಡಿ ಮಣ್ಣು ಹಾಕಿ, ಯಾರನ್ನೂ ಮಾತಾಡಿಸದೆ ಹೋದರು. ನಿನ್ನೆ ಸಂಜೆ ಮನೆಗೆ ಬಂದರು, ಅಮ್ಮ ಕಾಫಿ ಕೊಟ್ಟಳು. ಲೋಟ ಹಿಡಿದುಕೊಂಡೇ ಕೇಳಿದರು, "ಶಾಂತಾ, ಅಣ್ಣ ಅವತ್ತು ನಮ್ಮನ್ನ ನೋಡಿ ತಾನೇ ಚರ್ಚಿಂದ ಎದ್ದು ಹೋಗಿದ್ದು?"

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ನಿನ್ನ ದೃಢೀಕರಣ ಅಂತ ಗಿರಿಜಾನ್ನೂ ಕರ್ಕೊಂಡು ಬಂದಿದ್ದೆ ಕಣೇ. ಕೊನೇ ಬೆಂಚಲ್ಲಿ ಕೂತಿದ್ವಿ. ಮುಗಿದ ಮೇಲೆ ಅಣ್ಣನ್ನ ಮಾತಾಡಿಸೋಣ ಅಂತಿದ್ದೆ. ಅವರು ಭೋಜನಾನೂ ತಗೊಳ್ಳದೆ ಎದ್ದು ಹೋದ್ರು. ನಾವಿರೋ ಕಡೆ ಅವರಿಗೆ ರೊಟ್ಟಿನೂ ಬೇಡ್ವೇನೋ ಅಂತ… ಮನೆಗೆ ಹೋಗೋಕೂ ಮನಸ್ಸಾಗ್ಲಿಲ್ಲ. ಕೆಂಗೇರಿಗೆ, ಗಿರಿಜಾಳ ಅಕ್ಕನ ಮನೆಗೆ ಹೋಗ್ಬಿಟ್ವಿ."

ನೀವು ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಹೇಳಿದೆ. ಅವರು ಲೋಟ ಕೆಳಗಿಟ್ಟು, "ನಮ್ಮನೆಗಾ?" ಎಂದರು. ಮತ್ತೆ, "ಅಣ್ಣ, ನಮ್ಮನೆಗಾ?" ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪಾ, ಅವರು ನಿಮಗೆ ಬಾಗಿಲು ಹಾಕಿರಲಿಲ್ಲ. ನೀವು ಅವರಿಗಾಗಿ ನಡೆದು ಹೋದಾಗ ಅವರು ನಿಮಗಾಗಿ ಬಂದು ಕೂತಿದ್ದರು. ನಾಳೆ ಆರಾಧನೆ ಮುಗಿದ ಮೇಲೆ ಇಬ್ಬರನ್ನೂ ನಾನೇ ನಿಮ್ಮ ಸಮಾಧಿಯ ಹತ್ತಿರ ಕರೆದುಕೊಂಡು ಬರುತ್ತೇನೆ. ಚಿಕ್ಕಪ್ಪನಿಗೆ ನಿಮ್ಮ ಹತ್ತಿರ ಮಾತಾಡುವುದಿದೆಯಂತೆ. ಈ ಸಲ ಎದ್ದು ಹೋಗಬೇಡಿ.

ನಿಮ್ಮ ಮಗಳು,
ಶಾಂತಾ