ಪೀಣ್ಯದಲ್ಲಿ ನಿಮ್ಮ ಸೊನ್ನೆಗಳ ಸುದ್ದಿ

ಪೀಣ್ಯ, ೧೨-೫-೧೯೮೩

ಅಪ್ಪನ ಪಾದಕ್ಕೆ ನಮಸ್ಕಾರ.

ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು! ನಾನು ಸೇರಿರುವ ಕಾರ್ಖಾನೆಯಲ್ಲಿ ಮಳೆ ಅಳೆಯುವ ಡಬ್ಬಿಗಳು ತಯಾರಾಗುತ್ತವೆ, ನಿಮ್ಮ ಶಾಲೆಯ ಅಂಗಳದಲ್ಲಿರುವಂಥವೇ. ಪರೀಕ್ಷೆಗೆಂದು ದಿನವಿಡೀ ಅವುಗಳ ಮೇಲೆ ನಲ್ಲಿನೀರು ಹನಿಸುತ್ತೇವೆ. ಊರಿಗೆಲ್ಲ ಬರ, ನಮ್ಮ ಶೆಡ್ಡಿಗೆ ಮಾತ್ರ ಮಳೆ!

ನಿನ್ನೆ ಡಬ್ಬಿ ನೋಡಲು ಹವಾಮಾನದ ವಿಜ್ಞಾನಿ ಪಟ್ಟಾಭಿರಾಮ್ ಬಂದಿದ್ದರು. ಮರದ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಸಮುದ್ರ ಬರೆದು ತೋರಿಸಿದರು. ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ಬಿಸಿನೀರು ಪೂರ್ವಕ್ಕೆ, ಪೆರು ದೇಶದ ಕಡೆಗೆ ಸರಿಯುತ್ತದಂತೆ. ಮೋಡಗಳೂ ಅದರ ಹಿಂದೆಯೇ ಹೋಗುತ್ತವಂತೆ. ಈ ಸಲ ಹಾಗೇ ಆಗಿ ಅಲ್ಲಿಯ ಮರಳುಗಾಡಿನಲ್ಲಿ ಪ್ರವಾಹ, ನಮ್ಮಲ್ಲಿ ಹೋದ ವರ್ಷ ಒಣ ಶ್ರಾವಣ!

ನನಗೆ ತಡೆಯಲಾಗಲಿಲ್ಲ. "ಸಾರ್, ನಮ್ಮಪ್ಪ ಸ್ಕೂಲ್ ಮೇಷ್ಟ್ರು. ಹೋದ ವರ್ಷ ಮಳೆಗಾಲದಲ್ಲೇ ಮಳೆ ಪುಸ್ತಕದಲ್ಲಿ ಸಾಲಾಗಿ ನಲವತ್ತೊಂದು ದಿನ ಸೊನ್ನೆ ಬರೆದಿದ್ರು. ಅಳೀದೇನೇ ಬರ್ದಿದೀರಿ ಅಂತ ಮೇಲಿನೋರು ಮೆಮೊ ಕೊಟ್ರು" ಎಂದುಬಿಟ್ಟೆ.

ಅವರು ಎದ್ದೇ ನಿಂತರು. "ಆ ಪುಸ್ತಕ ಇದೆಯೇನಮ್ಮಾ? ನಮಗೆ ಬೇಕಾಗಿರೋದು ಆ ಸೊನ್ನೆಗಳೇ! ನಾನೇ ಬಂದು ನೋಡ್ತೀನಿ."

ಇಪ್ಪತ್ತೆರಡನೇ ತಾರೀಖು, ಭಾನುವಾರ ಬರುತ್ತಾರೆ. ನನ್ನ ಕೆಮ್ಮು ವಾಸಿಯಾಗಿದೆ, ಬೆರಳು ಮಾತ್ರ ನೀರಿನಲ್ಲಿ ಸುಕ್ಕಾಗಿವೆ. ಸೈರನ್ ಕೂಗಿತು, ಓಡಬೇಕು. ಮೆಮೊ ಬಂದ ದಿನ ಸಿಟ್ಟಿನಲ್ಲಿ ಡಬ್ಬಿಯನ್ನು ಕವುಚಿ ಹಾಕಿದಿರಲ್ಲ, ಇದು ಕೈಸೇರಿದ ಕೂಡಲೇ ಅದನ್ನು ನೆಟ್ಟಗೆ ನಿಲ್ಲಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು, ಸೊನ್ನೆಯೇ ಇದ್ದರೂ ಬರೆಯಿರಿ.

ವನಜಾ